ಪ್ರಮಾಣವರಿತ ಯಂತ್ರ

ಬಯಲಿನಲ್ಲಿ ಧೂಳೆಬ್ಬಿಸುತ್ತ ಓಡಿ, ದಿಬ್ಬದ ತುದಿಯಿಂದ ಗಾಳಿಗೆ ನೆಗೆದು, ಮತ್ತೆ ನೆಲಕ್ಕಿಳಿದು ಮುಂದುವರಿಯುವ ಪೆಟ್ರೋಲ್ ಚಾಲಿತ ರೇಡಿಯೋ ನಿಯಂತ್ರಿತ ಟ್ರಕ್ಕನ್ನು ಆಟಿಕೆಯೆಂದು ಕರೆದು ಸುಮ್ಮನಾಗುವುದು ಸುಲಭ. ಆದರೆ ನಿಜವಾದ ವಾಹನದ ಐದರಲ್ಲೊಂದು ಪಾಲು ಉದ್ದವೂ, ಹತ್ತು ಕಿಲೋಗ್ರಾಮಿಗೆ ಮೀರಿದ ತೂಕವೂ, 23ರಿಂದ 30 ಸಿ.ಸಿ.ವರೆಗಿನ ಟೂ ಸ್ಟ್ರೋಕ್ ಎಂಜಿನ್ನೂ ಉಳ್ಳ ಈ ಯಂತ್ರಗಳನ್ನು ಜರ್ಮನಿಯ ಎಫ್‌ಜಿ, ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಎಚ್‌ಪಿಐ ಮತ್ತು ಲೋಸಿ ಮೊದಲಾದ ತಯಾರಕರು ರೂಪಿಸಿರುವ ಬಗೆಯನ್ನು ಗಮನವಿಟ್ಟು ನೋಡಿದರೆ, ಯಂತ್ರಶಾಸ್ತ್ರದ ಗಹನವಾದ ಪ್ರಶ್ನೆಗಳಲ್ಲೊಂದು ಅಲ್ಲಿ ಕೈಗೆಟಕುವ ರೂಪದಲ್ಲಿ ನಿಂತಿರುವುದು ಕಾಣುತ್ತದೆ. ದೊಡ್ಡದನ್ನು ಕಿರಿದುಗೊಳಿಸಿದಾಗ ಅದರ ಧರ್ಮವೂ ಅದೇ ಅನುಪಾತದಲ್ಲಿ ಕಿರಿದಾಗುವುದೇ ಎಂಬುದೇ ಆ ಪ್ರಶ್ನೆ.

ಆಗುವುದಿಲ್ಲವೆಂದು ಗೆಲಿಲಿಯೋ 1638ರಲ್ಲಿಯೇ ತನ್ನ ಕೊನೆಯ ಮಹಾಗ್ರಂಥದಲ್ಲಿ ಸ್ಥಾಪಿಸಿದ್ದನು. ಉದ್ದವು ಐದರಲ್ಲೊಂದಾದರೆ, ಭಾರವನ್ನು ಹೊರತಕ್ಕ ಅಡ್ಡಕೊಯ್ತದ ವಿಸ್ತೀರ್ಣವು 25ರಲ್ಲೊಂದಾಗುತ್ತದೆ. ಹೊರಿಸತಕ್ಕ ಭಾರವಾದರೋ 125ರಲ್ಲೊಂದಕ್ಕೆ ಇಳಿಯುತ್ತದೆ. ಆದಕಾರಣ ಕಿರಿಯ ದೇಹವು ತನ್ನ ತೂಕದ ಮಟ್ಟಿಗೆ ಹಿರಿಯ ದೇಹಕ್ಕಿಂತ ಐದುಪಟ್ಟು ಗಟ್ಟಿ. ಇದೇ ತತ್ತ್ವವನ್ನು ಪ್ರಾಣಿಲೋಕಕ್ಕೆ ಅನ್ವಯಿಸಿ, ಪ್ರತಿಯೊಂದು ಜೀವಕ್ಕೂ ತಕ್ಕ ಗಾತ್ರವೊಂದುಂಟೆಂದು 1926ರಲ್ಲಿ ಪ್ರಬಂಧ ಬರೆದವರು, ಮುಂದೆ ಭಾರತವನ್ನೇ ತಮ್ಮ ನಾಡಾಗಿಸಿಕೊಂಡು 1964ರಲ್ಲಿ ಭುವನೇಶ್ವರದಲ್ಲಿ ಕಾಲವಾದ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನರು. ಜೀವಿಗಳಿಗೆ ಸಲ್ಲುವ ಈ ಮಾತು ಯಂತ್ರಗಳಿಗೂ ಸಲ್ಲುತ್ತದೆ.

ಗಾತ್ರದೊಡನೆ ವೇಗದ ಲೆಕ್ಕವೂ ಬದಲಾಗುತ್ತದೆ. 1872ರಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ಉದ್ದನೆಯ ನೀರುತೊಟ್ಟಿಯನ್ನು ಕಟ್ಟಿಸಿ, ಮೇಣದ ಹಡಗುಗಳನ್ನು ಅದರಲ್ಲಿ ಎಳೆಸಿ ಪರೀಕ್ಷಿಸಿದ ವಿಲಿಯಂ ಫ್ರೂಡ್ ಎಂಬ ತಜ್ಞನು, ಮಾದರಿಯ ವೇಗವನ್ನು ಉದ್ದದ ವರ್ಗಮೂಲದ ಅನುಪಾತದಲ್ಲಿ ಹೋಲಿಸಬೇಕೆಂದು ತೋರಿಸಿದನು. ಗುರುತ್ವಾಕರ್ಷಣೆ ಮಾದರಿಗೆಂದು ತಗ್ಗದಿರುವುದೇ ಇದರ ಕಾರಣ. ಈ ನಿಯಮದಂತೆ ಗಂಟೆಗೆ 80 ಕಿ.ಮೀ. ಓಡುವ ನಮ್ಮ ಟ್ರಕ್ಕು ಪೂರ್ಣಗಾತ್ರದ ವಾಹನವಾಗಿದ್ದರೆ ಸುಮಾರು 179 ಕಿ.ಮೀ. ವೇಗದಲ್ಲಿ ಓಡಿದಂತಾಯಿತು. ಅದರ ಎಂಜಿನ್ನಿನ ಸಾಮರ್ಥ್ಯ ಎರಡೂವರೆ ಅಶ್ವಶಕ್ತಿಯೆಂದು ಇಟ್ಟುಕೊಂಡರೆ, ತೂಕದ ಮತ್ತು ವೇಗದ ಅನುಪಾತಗಳೆರಡೂ ಸೇರಿ, ಸರಿಸಮವಾದ ಹಿರಿಯ ಎಂಜಿನ್ನು ಸುಮಾರು 700 ಅಶ್ವಶಕ್ತಿಯದಾಗಬೇಕು! ಹೀಗಿರಲು, ಸುಧಾರಣೆಯೆಂದೊಡನೆ ಇನ್ನೂ ದೊಡ್ಡ ಸಿಲಿಂಡರು, ಇನ್ನೂ ಬಿರುಸಾದ ಸೈಲೆನ್ಸರು ಎಂದು ಹವ್ಯಾಸಿಗಳು ಹಂಬಲಿಸುವುದು, ಮಿಗಿಲಾಗಿ ಇರುವುದನ್ನೇ ಮತ್ತೆ ಸೇರಿಸುವ ಕೆಲಸವಾಗಿ ನನಗೆ ತೋರುತ್ತದೆ. ಈ ಯಂತ್ರದಲ್ಲಿ ಕೊರತೆಯಿರುವುದು ಬಲಕ್ಕಲ್ಲ. ಆ ಬಲ ಎಲ್ಲಿಗೆ ಹೋಗಿ ಮುಟ್ಟುತ್ತದೆಂಬ ವಿಚಾರಕ್ಕೆ.

ನೆಗೆತವನ್ನೇ ತೆಗೆದುಕೊಳ್ಳೋಣ. ಮೂರು ಮೀಟರು ಎತ್ತರದಿಂದ ಈ ಟ್ರಕ್ಕು ಬೀಳುವುದೆಂದರೆ ಹಿರಿಯ ವಾಹನವು ಹದಿನೈದು ಮೀಟರು ಎತ್ತರದಿಂದ ಬಿದ್ದಂತೆ. ಕಿರಿಯ ಗಾತ್ರವು ವರವಾಗಿ ಕೊಟ್ಟ ಐದುಪಟ್ಟು ಗಟ್ಟಿತನವನ್ನು ಆಡುವವನ ಉತ್ಸಾಹವು ಹೀಗೆ ಒಂದೇ ನೆಗೆತದಲ್ಲಿ ವೆಚ್ಚಮಾಡಿಬಿಡುತ್ತದೆ. ಸ್ಪ್ರಿಂಗುಗಳ ವಿಷಯದಲ್ಲಿಯೂ ಇಂತಹ ಎಡವಟ್ಟು ಒದಗುವುದುಂಟು. ಪೂರ್ಣಗಾತ್ರದ ವಾಹನದ ಒಡಲು ಸೆಕೆಂಡಿಗೆ ಒಂದೂವರೆ ಸಲ ತೂಗುವಂತಿದ್ದರೆ, ಅದರ ಐದರಲ್ಲೊಂದು ಮಾದರಿಯು ಮೂರು ಸಲಕ್ಕೂ ಮಿಕ್ಕು ತೂಗಬೇಕು. ಇದನ್ನರಿಯದೆ, ಹಿರಿಯ ಟ್ರಕ್ಕಿನ ಗಂಭೀರವಾದ ತೂಗಾಟವೇ ಕಣ್ಣಿಗೆ ಚೆಂದವೆಂದು ಮೆದು ಸ್ಪ್ರಿಂಗುಗಳನ್ನು ಹಾಕಿದರೆ, ಪ್ರತಿಯೊಂದು ನೆಗೆತದಲ್ಲಿಯೂ ಅಡಿಹಲಗೆ ನೆಲಕ್ಕೆ ಬಡಿಯುತ್ತದೆ. ಶಾಕ್ ಅಬ್ಸಾರ್ಬರಿನ ಸಿಲಿಕೋನ್ ಎಣ್ಣೆಯ ದಪ್ಪವನ್ನೂ ಈ ಶೀಘ್ರತರವಾದ ಕಾಲಮಾನಕ್ಕೆ ಹೊಂದಿಸಿಯೇ ಆರಿಸತಕ್ಕದ್ದು.

ಇನ್ನು ಆ ಅಡಿಹಲಗೆಯ, ಎಂದರೆ ಚಾಸಿಯ, ಮಾತು. 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಹಲಗೆಯನ್ನು ತೆಗೆದು 7075ರ ಹಲಗೆಯನ್ನು ಕೂರಿಸಿದರೆ ಯಂತ್ರವು ಬಿಗಿಯಾಗುವುದೆಂದು ಹಲವರು ಭಾವಿಸುತ್ತಾರೆ. ಎರಡನೆಯದು ಬಾಗಿ ಹಾಗೆಯೇ ಉಳಿಯಬೇಕಾದರೆ ಹೆಚ್ಚುಕಡಿಮೆ ಎರಡುಪಟ್ಟು ಬಲ ಬೇಕೆಂಬುದು ದಿಟ. ಆದರೆ ಸ್ಥಿತಿಸ್ಥಾಪಕಗುಣದಲ್ಲಿ ಎರಡೂ ಬಹುಮಟ್ಟಿಗೆ ಸಮಾನವಾದುದರಿಂದ ಒಂದೇ ಭಾರಕ್ಕೆ ಎರಡೂ ಒಂದೇ ಪ್ರಮಾಣದಲ್ಲಿ ಬಳುಕುತ್ತವೆ. ಬಿಗಿತನ ಬೇಕೆಂಬವನು ದಪ್ಪವನ್ನೇ ನೆಚ್ಚಬೇಕು: ನಾಲ್ಕು ಮಿಲಿಮೀಟರಿನ ಹಲಗೆಯನ್ನು ಐದಕ್ಕೆ ಏರಿಸಿದರೆ ತೂಕ ಕಾಲುಭಾಗ ಹೆಚ್ಚುತ್ತದೆ, ಬಿಗಿತನವಾದರೋ ಸುಮಾರು ಇಮ್ಮಡಿಯಾಗುತ್ತದೆ. ಚಕ್ರಗಳನ್ನು ಹಿಡಿದಿರುವ ನೈಲಾನ್ ತೋಳುಗಳಿಗೆ ಬದಲಾಗಿ ಲೋಹದ ತೋಳುಗಳನ್ನು ತೊಡಿಸುವ ಪದ್ಧತಿಯೂ ವಿಮರ್ಶಿಸತಕ್ಕದ್ದೇ. ಕಲ್ಲಿಗೆ ತಗುಲಿದಾಗ ನೈಲಾನು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಬಾಗಲೊಲ್ಲದ ಲೋಹವು ಅದೇ ಪೆಟ್ಟನ್ನು ತನ್ನ ಹಿಂದಿನ ಕೀಲಿಗೂ, ಕೀಲನ್ನು ಹಿಡಿದ ಗೋಡೆಗೂ, ಕೊನೆಗೆ ಚಾಸಿಗೂ ದಾಟಿಸುತ್ತದೆ. ಅಗ್ಗದ ತೋಳು ಉಳಿದು ದುಬಾರಿಯ ಒಡಲು ಮುರಿಯುವುದು ಸುಧಾರಣೆಯಲ್ಲ. ಮುಂಗಾಲಿಗಳನ್ನು ತಿರುಗಿಸುವ ಸರ್ವೋ ಮೋಟರಿನ ಹಲ್ಲುಗಳನ್ನು ಉಳಿಸಲೆಂದೇ ನಡುವೆ ಸ್ಪ್ರಿಂಗಿನ ಕೀಲೊಂದನ್ನಿಟ್ಟು, ಪೆಟ್ಟು ಬಿದ್ದಾಗ ಅದು ಮಣಿಯುವಂತೆ ಮಾಡಿದ ವಿನ್ಯಾಸಕಾರನೇ ಈ ವಿಷಯದಲ್ಲಿ ನಿಜವಾದ ಗುರು. ಯಾವ ಭಾಗ ಮೊದಲು ಸೋಲಬೇಕೆಂಬುದನ್ನು ಅವನು ಮುಂಚಿತವಾಗಿಯೇ ನಿಶ್ಚಯಿಸಿದ್ದಾನೆ.

ಎಂಜಿನ್ನು ಬೇರೊಂದು ಕುಲದಿಂದ ಬಂದದ್ದು. ಈ ಟ್ರಕ್ಕುಗಳಲ್ಲಿ ಹೆಸರುವಾಸಿಯಾದ ಜಪಾನಿನ ಜೆನೋವಾ ಎಂಜಿನ್ನಿನ ವಂಶವೂ, ನಮ್ಮ ಮಲೆನಾಡಿನ ಅಡಿಕೆ ತೋಟಗಳಲ್ಲಿ ಮಳೆಗಾಲ ಮುಗಿದೊಡನೆ ಸದ್ದುಮಾಡುವ ಹುಲ್ಲು ಸವರುವ ಯಂತ್ರದ ವಂಶವೂ ಒಂದೇ. ಪೆಟ್ರೋಲಿನೊಳಗೆ ಎಣ್ಣೆ ಬೆರೆಸುವ ಕ್ರಮವೂ, ಹಗ್ಗ ಎಳೆದು ಚಾಲೂ ಮಾಡುವ ಕ್ರಮವೂ ಎರಡಕ್ಕೂ ಸಮಾನ. ಮರ ಕೊಯ್ಯುವವನು ಇದೇ ವಂಶದ ಯಂತ್ರಗರಗಸವನ್ನು ಯಾವ ಓರೆಗೆ ಹಿಡಿದರೂ ನಿಲ್ಲದಿರಲೆಂದು ಅಳವಡಿಸಿದ ಪೊರೆಯ ಕಾರ್ಬ್ಯುರೇಟರೇ ಪಲ್ಟಿಹೊಡೆಯುವ ಟ್ರಕ್ಕಿಗೂ ಒದಗಿಬಂದಿತು. ಆದರೆ ಹುಲ್ಲು ಸವರುವವನ ಯಂತ್ರಕ್ಕಿಂತ ಬಹಳ ಹೆಚ್ಚಿನ ಧೂಳನ್ನು ಈ ಎಂಜಿನ್ನು ಉಣ್ಣಬೇಕು. ಅದು ಓಡುವುದೇ ತನ್ನ ಚಕ್ರಗಳೆಬ್ಬಿಸಿದ ಧೂಳಿನ ಮೋಡದೊಳಗೆ. ಒಳಹೊಕ್ಕ ಧೂಳು ಎಣ್ಣೆಯೊಡನೆ ಬೆರೆತು ಸಾಣೆಕಲ್ಲಿನಂತೆ ಪಿಸ್ಟನ್ನನ್ನು ತೇಯುತ್ತದೆ. ಗಾಳಿಯ ಬಾಯನ್ನು ಎತ್ತರಕ್ಕೆ ಒಯ್ದು, ಎಣ್ಣೆಯಲ್ಲಿ ತೋಯಿಸಿದ ಸ್ಪಂಜಿನ ಜರಡಿಯನ್ನು ದೊಡ್ಡದು ಮಾಡಿ, ಅದನ್ನು ಸುಲಭವಾಗಿ ತೆಗೆದು ತೊಳೆಯುವಂತೆ ಇಡುವುದು ಯಾರ ಕಣ್ಣಿಗೂ ಬೀಳದ ಸುಧಾರಣೆ. ಎಂಜಿನ್ನಿನ ಆಯುಸ್ಸು ನಿಂತಿರುವುದು ಅದರ ಮೇಲೆಯೇ.

ಇವೆಲ್ಲಕ್ಕೂ ಮೊದಲು ಬರಬೇಕಾದದ್ದು ನಿಲ್ಲಿಸುವ ವಿದ್ಯೆ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ತಂತಿಯಿಲ್ಲದೆ ನಡೆಸಿ ಜನರನ್ನು ಬೆರಗುಗೊಳಿಸಿದಾಗ, ದೂರದಿಂದ ಆಳುವವನ ಹೊಣೆಯೂ ಅದರೊಡನೆಯೇ ಹುಟ್ಟಿತು. ಹದಿನಾರು ಕಿಲೋಗ್ರಾಂ ತೂಕದ ಟ್ರಕ್ಕು 80 ಕಿ.ಮೀ. ವೇಗದಲ್ಲಿ ಒಯ್ಯುವ ಚೈತನ್ಯವು, ಅದೇ ತೂಕದ ವಸ್ತು 25 ಮೀಟರು ಎತ್ತರದಿಂದ ಬಿದ್ದಾಗ ಪಡೆಯುವ ಚೈತನ್ಯಕ್ಕೆ ಸಮ. ರೇಡಿಯೋ ಗ್ರಾಹಕಕ್ಕೆ ಶಕ್ತಿ ಕೊಡುವ ಬ್ಯಾಟರಿ ಬೇರೆ, ಎಂಜಿನ್ನಿನ ಕಿಡಿ ಬೇರೆ. ಬ್ಯಾಟರಿ ಸತ್ತರೂ ಎಂಜಿನ್ನು ಸಾಯುವುದಿಲ್ಲ, ತೆರೆದ ಕಾರ್ಬ್ಯುರೇಟರು ತೆರೆದೇ ಇರಬಲ್ಲುದು. ಆದುದರಿಂದ ಸಂಕೇತ ತಪ್ಪಿದ ಕ್ಷಣದಲ್ಲಿ ಕಿಡಿಯನ್ನು ತಾನಾಗಿಯೇ ಕಡಿಯುವ ಸ್ವಿಚ್ಚೂ, ಕಾರ್ಬ್ಯುರೇಟರನ್ನು ತಾನಾಗಿಯೇ ಮುಚ್ಚುವ ಸ್ಪ್ರಿಂಗೂ ಕೊಳ್ಳುವವನ ಇಚ್ಛೆಗೆ ಬಿಟ್ಟ ಅಲಂಕಾರಗಳಾಗಿರಬಾರದು. ಕಾರ್ಖಾನೆಯಿಂದ ಹೊರಬೀಳುವ ಪ್ರತಿಯೊಂದು ಯಂತ್ರದ ಅಂಗಗಳಾಗಿರಬೇಕು.

ಉತ್ತಮ ಟ್ರಕ್ಕನ್ನು ಆರಿಸುವ ಪಂದ್ಯವೊಂದನ್ನು ಏರ್ಪಡಿಸುವ ಅಧಿಕಾರ ನನಗಿದ್ದರೆ, ಅತ್ಯಧಿಕ ವೇಗಕ್ಕೆ ಬಹುಮಾನವನ್ನು ಇಡುತ್ತಿರಲಿಲ್ಲ. ಒಂದು ಟ್ಯಾಂಕು ಪೆಟ್ರೋಲು ಮುಗಿಯುವವರೆಗೂ ಒರಟು ನೆಲದಲ್ಲಿ ಓಡಿದ ಬಳಿಕ, ಯಾವ ಯಂತ್ರದ ಮುರಿದ ಭಾಗವು ಅತ್ಯಂತ ಅಗ್ಗದ್ದೋ, ಯಾವುದರ ಜರಡಿಯಾಚೆಗೆ ಧೂಳು ದಾಟಿಲ್ಲವೋ, ನಿಯಂತ್ರಕದ ಸ್ವಿಚ್ಚನ್ನು ಆರಿಸಿದೊಡನೆ ಯಾವುದು ಎಲ್ಲಕ್ಕಿಂತ ಬೇಗ ನಿಂತಿತೋ ಅದಕ್ಕೆ ಕೊಡುತ್ತಿದ್ದೆನು. ನಾವು ಏನನ್ನು ಅಳೆದು ಮೆಚ್ಚುತ್ತೇವೆಯೋ ಅದನ್ನೇ ವಿನ್ಯಾಸಕಾರರು ಬೆಳೆಸುತ್ತಾರೆ. ಆದುದರಿಂದ ಯಂತ್ರವನ್ನು ತಿದ್ದುವ ಕೆಲಸ ನಮ್ಮ ಅಳತೆಗೋಲನ್ನು ತಿದ್ದುವಲ್ಲಿಂದ ಮೊದಲಾಗಬೇಕು.