‘ಎತ್ತಿಕೊಂಡು ಹೋಗೋಣ ಬಿಡ್ರಿ’ ಅನ್ನಬೇಡಿ

ಓಡಾಟ ಕಷ್ಟವಾದವರೊಬ್ಬರು ಮನೆಯಲ್ಲಿದ್ದಾಗ ಪ್ರವಾಸದ ಮಾತೆತ್ತಿ ನೋಡಿ. ಎರಡು ಉತ್ತರ ಸಿಗುತ್ತವೆ. ಒಂದು, ‘ಅವರನ್ಯಾಕ ತ್ರಾಸ ಮಾಡತೀರಿ, ಮನ್ಯಾಗ ಇರಲಿ’. ಇನ್ನೊಂದು, ‘ಅದೇನ ದೊಡ್ಡದು, ಎತ್ತಿಕೊಂಡು ಹೋಗೋಣ ಬಿಡ್ರಿ’. ಮೊದಲನೆಯದು ಸರಿಯಲ್ಲ ಎಂದು ಎಲ್ಲರೂ ಒಪ್ಪುತ್ತಾರೆ. ಎರಡನೆಯದೂ ಸರಿಯಲ್ಲ ಎಂಬುದು ನನ್ನ ವಾದ.

ಅಪ್ಪ ಬನಹಟ್ಟಿಯಲ್ಲಿ ಮೂವತ್ತು ವರ್ಷ ಪಾವರ್‌ಲೂಮ್ ಮುಂದೆ ನಿಂತು ದುಡಿದವರು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಎಡಗಾಲು, ಎಡಗೈ ಸೋತವು. ಮನೆಯೊಳಗೆ ಕೋಲು ಹಿಡಿದು ನಡೆಯುತ್ತಾರೆ, ಹೊರಗೆ ಹೋದರೆ ವೀಲ್‌ಚೇರ್ ಬೇಕು. ಅವರು ಸಮುದ್ರ ನೋಡಿಲ್ಲ. ನಮ್ಮ ಭಾಗದಲ್ಲಿ ಅದು ವಿಶೇಷವೇನಲ್ಲ. ನಮ್ಮ ಪಾಲಿಗೆ ಇರುವ ಸಾಗರವೆಂದರೆ, 1989ರಲ್ಲಿ ರೈತರೇ ಹಣ ಕೂಡಿಸಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜಿನ ‘ಶ್ರಮಬಿಂದು ಸಾಗರ’. ನಿಜವಾದ ಸಮುದ್ರ ಸುಮಾರು ಮುನ್ನೂರು ಕಿಲೋಮೀಟರ್ ಆಚೆ ಇದೆ.

ಈ ಸಲ ರಜೆಗೆ ಎಲ್ಲರೂ ಕೂಡಿ ಹೋಗೋಣ ಎಂದಾಗ ಅಪ್ಪ, ‘ನೀವ ಹೋಗಿ ಬರ್ರಿ, ನಾ ಮನಿ ಕಾಯತೀನಿ’ ಅಂದರು. ಮನಸ್ಸಿಲ್ಲದೆ ಹೇಳಿದ ಮಾತಲ್ಲ ಅದು, ಎತ್ತಿಸಿಕೊಳ್ಳುವುದು ಬೇಡವಾಗಿ ಹೇಳಿದ್ದು. ಸಂಬಂಧಿಕರ ಮದುವೆಯೊಂದರಲ್ಲಿ ನಾಲ್ವರು ಕೂಡಿ ಅವರನ್ನು ಮೆಟ್ಟಿಲು ಹತ್ತಿಸಿದ್ದರು. ಧೋತರ ಸರಿಯಿತು, ಮಂದಿ ನೋಡಿದರು, ಒಬ್ಬ ಮೊಬೈಲ್ ಎತ್ತಿದ. ಎತ್ತಿದವರೆಲ್ಲ ಒಳ್ಳೆಯವರೇ. ಆದರೆ ಲಕ್ವ ಹೊಡೆದ ಬದಿಯ ತೋಳು ಹಿಡಿದು ಎಳೆದರೆ ಭುಜದ ಕೀಲಿಗೇ ಪೆಟ್ಟಾಗಬಹುದು ಎಂಬುದು ಅವರಿಗೆ ಗೊತ್ತಿರಲಿಲ್ಲ. ಮಾನದ ಮಾತು ಹಾಗಿರಲಿ, ಇದು ಆರೋಗ್ಯದ ಮಾತೂ ಹೌದು.

ಹಾಗಾದರೆ ಎತ್ತದೆ ಹೋಗುವುದು ಹೇಗೆ? ಜಮಖಂಡಿ, ಬನಹಟ್ಟಿಗೆ ರೈಲಿಲ್ಲ. ಬಾಗಲಕೋಟೆ–ಕುಡಚಿ ಮಾರ್ಗದ ಕಥೆ ನಾವು ಸಣ್ಣವರಿದ್ದಾಗಿನಿಂದ ಕೇಳುತ್ತಿದ್ದೇವೆ. ಇನ್ನು ಕೆಂಪು ಬಸ್ಸು. ಅದರ ಮೊದಲ ಮೆಟ್ಟಿಲು ನೆಲದಿಂದ ಎಷ್ಟು ಎತ್ತರ ಇದೆಯೆಂದು ನಾಳೆ ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಒಮ್ಮೆ ನೋಡಿ. ಶಕ್ತಿ ಯೋಜನೆಯಿಂದ ಅವ್ವ ಮತ್ತು ತಂಗಿ ಅಂಕೋಲಾವರೆಗೂ ದುಡ್ಡು ಕೊಡದೆ ಹೋಗಬಹುದು. ಅಪ್ಪನ ವಿಕಲಚೇತನರ ರಿಯಾಯಿತಿ ಪಾಸು ಮಾತ್ರ ವಾಸದ ಊರಿನಿಂದ ನೂರು ಕಿಲೋಮೀಟರಿಗೆ ಮುಗಿಯುತ್ತದೆ, ಧಾರವಾಡವನ್ನೂ ಮುಟ್ಟುವುದಿಲ್ಲ. ಶಕ್ತಿ ಯೋಜನೆ ಬೇಡ ಎನ್ನುತ್ತಿಲ್ಲ. ಅವ್ವ ಮೊದಲ ಸಲ ತನ್ನ ಇಚ್ಛೆಯಂತೆ ತವರಿಗೆ ಹೋಗಿ ಬಂದದ್ದೇ ಅದರಿಂದ. ಆದರೆ ವಿಕಲಚೇತನರು ನೂರು ಕಿಲೋಮೀಟರ್ ಆಚೆ ಹೋಗುವುದೇ ಇಲ್ಲ ಎಂದು ಯಾರು ತೀರ್ಮಾನಿಸಿದರು?

ಅಂದರೆ ಬಾಡಿಗೆ ಗಾಡಿಯೇ ಗತಿ. ಅದರಲ್ಲೂ ನಮ್ಮ ಕಡೆಯ ಕ್ರೂಸರ್ ಬೇಡ, ಹತ್ತುವುದು ಎತ್ತರ. ಕಾರಿನ ಮುಂದಿನ ಸೀಟಾದರೆ ಅಪ್ಪ ಮೊದಲು ಅಡ್ಡಲಾಗಿ ಕೂತು, ಆಮೇಲೆ ಒಂದೊಂದೇ ಕಾಲು ಒಳಗೆ ತಗೊಳ್ಳುತ್ತಾರೆ. ಯಾರೂ ಮುಟ್ಟಬೇಕಿಲ್ಲ.

ಪ್ರಯಾಣದ ನಿಜವಾದ ಕಷ್ಟ ಶೌಚಾಲಯದ್ದು. ಊರು ಬಿಡುವ ಹಿಂದಿನ ದಿನದಿಂದಲೇ ಅಪ್ಪ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ಹಸಿದಿಲ್ಲ ಎಂದು ಊಟವನ್ನೂ ಬಿಡುತ್ತಾರೆ. ಮನೆಯಲ್ಲಿ ಹಿರಿಯರಿದ್ದವರಿಗೆ ಈ ಸುಳ್ಳಿನ ಪರಿಚಯ ಇದ್ದೇ ಇರುತ್ತದೆ. ಹೋಟೆಲಿನವರು ತೋರಿಸುವ ಶೌಚಾಲಯ ಹಿಂದುಗಡೆ, ಎರಡು ಮೆಟ್ಟಿಲ ಮೇಲೆ, ಒದ್ದೆ ನೆಲ, ಕೂತು ಏಳಬೇಕಾದ ಇಂಡಿಯನ್ ಮಾದರಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಮಡಚುವ ಕಮೋಡ್ ಕುರ್ಚಿಯನ್ನು ನಾವು ಕೊಂಡದ್ದು ಇದಕ್ಕೇ. ಪ್ರವಾಸದ ಬ್ಯಾಗಿಗಿಂತ ಮೊದಲು ಡಿಕ್ಕಿಯಲ್ಲಿ ಅದಕ್ಕೆ ಜಾಗ.

ಆಮೇಲೆ ವಸತಿ. ಕರಾವಳಿಯ ಏಳು ಲಾಡ್ಜುಗಳಿಗೆ ಫೋನ್ ಮಾಡಿದೆ. ‘ವೀಲ್‌ಚೇರ್ ಒಳಗೆ ಬರುತ್ತದೆಯೇ’ ಎಂದರೆ ಎಲ್ಲರೂ ‘ಬರುತ್ತೆ ಸರ್’. ‘ಬಾಗಿಲಿಗೆ ಎಷ್ಟು ಮೆಟ್ಟಿಲು’ ಎಂದರೆ ‘ನಾಲ್ಕೇ, ನಮ್ಮ ಹುಡುಗರು ಎತ್ತುತ್ತಾರೆ’. ಮತ್ತದೇ ಮಾತು! ರ‍್ಯಾಂಪ್ ಇದೆ ಎಂದ ಒಬ್ಬರು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಫೋಟೊ ನೋಡಿದರೆ ಅದು ಬೈಕ್ ಹತ್ತಿಸಲು ಮಾಡಿದ ಇಳಿಜಾರು. ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದವಿದ್ದರೆ ಮಾತ್ರ ಅದು ವೀಲ್‌ಚೇರಿನ ರ‍್ಯಾಂಪ್. ಆದ್ದರಿಂದ ‘ಅನುಕೂಲ ಇದೆಯೇ’ ಎಂದು ಕೇಳಬೇಡಿ, ಅಳತೆ ಕೇಳಿ. ಮೆಟ್ಟಿಲೆಷ್ಟು, ಬಚ್ಚಲಿನ ಬಾಗಿಲು ಎಷ್ಟು ಇಂಚು, ಕಮೋಡಿನ ಪಕ್ಕ ಹಿಡಿಕೆ ಇದೆಯೇ, ರೂಮು ನೆಲಮಹಡಿಯಲ್ಲಿದೆಯೇ. ಬಾಗಿಲ ಅಗಲವನ್ನು ಟೇಪ್ ಹಿಡಿದು ಅಳೆದು ಹೇಳಿದವರು ಏಳರಲ್ಲಿ ಒಬ್ಬರೇ. ರೂಮು ಅವರದ್ದೇ ಗೊತ್ತು ಮಾಡಿದೆವು.

ಇಷ್ಟಾದ ಮೇಲೆ ಉಳಿಯುವುದು ಮರಳು. ಮುರ್ಡೇಶ್ವರದ ಇಪ್ಪತ್ತು ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆ, ಕೂತಲ್ಲೇ ಮೇಲೆ ಹೋಗಬಹುದು. ರಸ್ತೆಯಿಂದ ನೀರಿನವರೆಗಿನ ಐವತ್ತು ಹೆಜ್ಜೆಗೆ ಮಾತ್ರ ದಾರಿ ಸಿಗುವುದು ಕಷ್ಟ. ಒಣ ಮರಳಿನಲ್ಲಿ ವೀಲ್‌ಚೇರಿನ ಮುಂದಿನ ಸಣ್ಣ ಗಾಲಿ ಹೂತುಹೋಗುತ್ತದೆ, ಊರುಗೋಲೂ ಇಳಿಯುತ್ತದೆ. ಅಲೆ ತೋಯಿಸಿ ಹೋದ ಮರಳು ಗಟ್ಟಿ, ಆದರೆ ಅಲ್ಲಿಗೆ ಮುಟ್ಟಬೇಕಲ್ಲ.

ಇದಕ್ಕೆ ಉಪಾಯ ಇಲ್ಲವೆಂದಲ್ಲ. ಚೆನ್ನೈನ ಮರೀನಾದಲ್ಲಿ 2022ರ ನವೆಂಬರ್‌ನಲ್ಲಿ ನೀರಿನ ಹತ್ತಿರದವರೆಗೆ 263 ಮೀಟರ್ ಮರದ ದಾರಿ ಹಾಕಿದರು. ಖರ್ಚು ಸುಮಾರು 1.14 ಕೋಟಿ ರೂಪಾಯಿ. ಎರಡೇ ವಾರಕ್ಕೆ ಮ್ಯಾಂಡೌಸ್ ಚಂಡಮಾರುತ ಅದನ್ನು ಕೆಡವಿತು, ಮತ್ತೆ ಸರಿಪಡಿಸಿದರು. ನಮ್ಮಲ್ಲೂ ಹೊನ್ನಾವರದ ಹತ್ತಿರದ ಕಾಸರಕೋಡು (ಕೇರಳದ್ದಲ್ಲ) ಮತ್ತು ಪಡುಬಿದ್ರಿ ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದಿದೆ. ಅದರ ಮಾನದಂಡಗಳಲ್ಲಿ ಸ್ವಚ್ಛತೆಯ ಜೊತೆಗೆ ವಿಕಲಚೇತನರ ಅನುಕೂಲವೂ ಸೇರಿದೆ. ನಾವು ಕಾಸರಕೋಡು ಆರಿಸಿದ್ದು ಅದಕ್ಕಾಗಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಸೇವೆಗಷ್ಟೇ ಅಲ್ಲ, ಖಾಸಗಿಯವರಿಗೂ ಅನ್ವಯಿಸುತ್ತದೆ. ಇಂಥ ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯ ನಿಯಮಗಳಿರಬೇಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಲ್ಲಿ ಬಹಳ ಮಂದಿಗೆ ಈ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ ಎಂಬುದು ಬಾಯಿಪಾಠ. ಅದೇ ನಾವು ಕಾಲೇಜಿನ ಟೂರಿಗೆ ಮಹಡಿ ಮೇಲಿನ ಡಾರ್ಮಿಟರಿ ಬುಕ್ ಮಾಡುತ್ತೇವೆ. ಕ್ಯಾಲಿಪರ್ ಹಾಕಿಕೊಂಡು ಬರುವ ಗೆಳೆಯ ‘ನನಗ ಮನ್ಯಾಗ ಕೆಲಸ ಐತಿ’ ಅಂದಾಗ ನಂಬಿಯೂ ಬಿಡುತ್ತೇವೆ.

ನಮ್ಮ ಪ್ರಯಾಣ ಜನವರಿಗೆ. ಆಗ ಸಮುದ್ರ ಶಾಂತ, ಬಿಸಿಲೂ ಕಡಿಮೆ. ಕಾರು ಗೊತ್ತಾಗಿದೆ, ರೂಮೂ ಆಗಿದೆ. ಅಪ್ಪ ಇನ್ನೂ ‘ಬರ್ತೀನಿ’ ಅಂದಿಲ್ಲ, ಆದರೆ ಮೊನ್ನೆ ಲಾಡ್ಜಿನ ಬಚ್ಚಲಿನ ಫೋಟೊ ತೋರಿಸು ಅಂದರು. ಒಂದು ತೊಡಕು ಮಾತ್ರ ಉಳಿದಿದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾ ಸೇರುವವರೆಗೆ, ಮೆಟ್ಟಿಲಿಲ್ಲದ, ಕಮೋಡ್ ಇರುವ ಒಂದು ಶೌಚಾಲಯ ಎಲ್ಲಿದೆ? ಆ ದಾರಿಯಲ್ಲಿ ಓಡಾಡುವ ಓದುಗರಿಗೆ ಗೊತ್ತಿದ್ದರೆ ದಯವಿಟ್ಟು ಇದೇ ಪುಟಕ್ಕೆ ಬರೆದು ತಿಳಿಸಿ.