ಒಂದು ಅಗುಳು ಸಾಲದು

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು. ಪಾತ್ರೆಯ ಎಲ್ಲ ಅಗುಳಿಗೂ ಒಂದೇ ನೀರು, ಒಂದೇ ಉರಿ. ಊರಿನ ಜನ ಹಾಗಲ್ಲ. ಬೀಡಿ ಸೇದುವವರಿದ್ದಾರೆ, ಸೌದೆ ಒಲೆಯ ಹೊಗೆ ಕುಡಿಯುವವರಿದ್ದಾರೆ. ಹೀಗಿರುವಾಗ ಸಾವಿರ ಜನರನ್ನು ಕೇಳಿ ಲಕ್ಷ ಜನರ ಕಾಯಿಲೆಯನ್ನು ಅಂದಾಜು ಮಾಡುವುದು ಹೇಗೆ?

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಉಬ್ಬಸ ಎಷ್ಟು ಜನರಿಗಿದೆಯೆಂದು ಹಗಲು ಹೊತ್ತು ಮನೆ ಮನೆಗೆ ಹೋಗಿ ವಿಚಾರಿಸಿದರೆನ್ನಿ. ಗಂಡಸರಲ್ಲಿ ಹೆಚ್ಚಿನವರು ಗದ್ದೆಗೋ ಕಾರ್ಖಾನೆಗೋ ಹೋಗಿರುತ್ತಾರೆ. ಸಿಕ್ಕ 1000 ವಯಸ್ಕರಲ್ಲಿ 800 ಹೆಂಗಸರು, 200 ಗಂಡಸರು. ಕಾಯಿಲೆ ಇದ್ದವರು 32 ಹೆಂಗಸರು, 20 ಗಂಡಸರು. ಒಟ್ಟು 52, ಅಂದರೆ ಶೇ 5.2.

ಆದರೆ ಊರಿನಲ್ಲಿ ಗಂಡಸರು, ಹೆಂಗಸರು ಹೆಚ್ಚುಕಡಿಮೆ ಸಮ. ಸಾವಿರದಲ್ಲಿ 500 ಗಂಡಸರಿರಬೇಕಿತ್ತು, ಸಿಕ್ಕವರು 200. ಆದ್ದರಿಂದ ಪ್ರತಿ ಗಂಡಸಿನ ಉತ್ತರವನ್ನು ಎರಡೂವರೆಯಾಗಿ ಎಣಿಸಬೇಕು. 500 ಹೆಂಗಸರಿರಬೇಕಿದ್ದಲ್ಲಿ 800 ಸಿಕ್ಕರು. ಅವರ ಪ್ರತಿ ಉತ್ತರಕ್ಕೆ 0.625. ಈಗ ಗುಣಿಸಿ: 20 ಗಂಡಸರು 50 ಆದರು, 32 ಹೆಂಗಸರು 20 ಆದರು. ಒಟ್ಟು 70, ಅಂದರೆ ಶೇ 7. ಸಂಖ್ಯಾಶಾಸ್ತ್ರಜ್ಞರು ಇದನ್ನು ‘ತೂಕ ಕೊಡುವುದು’ ಎನ್ನುತ್ತಾರೆ.

5.2ಕ್ಕೂ 7ಕ್ಕೂ ಏನು ಮಹಾ ವ್ಯತ್ಯಾಸ ಎನ್ನಬೇಡಿ. ಲಕ್ಷ ವಯಸ್ಕರಿರುವ ಕಡೆ ಅದು 1800 ರೋಗಿಗಳು. ಲೆಕ್ಕದಲ್ಲಿ ಅವರಿಲ್ಲದಿದ್ದರೆ ಆಸ್ಪತ್ರೆಯಲ್ಲಿ ಅವರ ಪಾಲಿನ ಔಷಧಿಯೂ ಇಲ್ಲ.

2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೋನಾ ಕಾಣಿಸಿಕೊಂಡದ್ದು ನೆನಪಿದೆಯೆ? ನೌಕರರನ್ನೂ ಅವರ ಸಂಪರ್ಕಕ್ಕೆ ಬಂದವರನ್ನೂ ಹುಡುಕಿ ಪರೀಕ್ಷಿಸಿದರು. ರೋಗ ತಡೆಯಲು ಅದೇ ಸರಿ. ಆದರೆ ಆ ಅಂಕಿಯಿಂದ ಇಡೀ ತಾಲ್ಲೂಕನ್ನು ಅಳೆಯಲಾಗದು. ಅದಕ್ಕೆಂದೇ ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಎಲ್ಲ ಜಿಲ್ಲೆಗಳಲ್ಲಿ ಸಮೀಕ್ಷೆ ನಡೆಸಿತು. ಗರ್ಭಿಣಿಯರು, ಬಸ್ ಕಂಡಕ್ಟರುಗಳು, ಮಾರುಕಟ್ಟೆಯ ವ್ಯಾಪಾರಿಗಳು, ವೃದ್ಧರು ಹೀಗೆ 16 ಸಾವಿರಕ್ಕೂ ಹೆಚ್ಚು ಜನರ ಪರೀಕ್ಷೆಯಾಯಿತು. ಅದರಿಂದ ಹೊರಟ ಅಂದಾಜು, ರಾಜ್ಯದ ಶೇ 27ರಷ್ಟು ಜನರಿಗೆ, ಅಂದರೆ ಸುಮಾರು 1.93 ಕೋಟಿ ಮಂದಿಗೆ, ಸೋಂಕು ಆಗಲೇ ತಗುಲಿದೆ ಎಂದು. ಅದಕ್ಕೂ ಮೊದಲು, ಜೂನ್‌ನಿಂದ ಆಗಸ್ಟ್‌ವರೆಗೆ ಸಂಶೋಧಕರು 20 ಜಿಲ್ಲೆಗಳ ಮನೆಗಳಲ್ಲಿ ನಡೆಸಿದ ಇನ್ನೊಂದು ಸಮೀಕ್ಷೆಯ ಅಂದಾಜು ಶೇ 46.7! ಜನರನ್ನು ಆರಿಸಿದ ರೀತಿ ಬೇರೆ, ರಕ್ತ ಪರೀಕ್ಷೆಯ ವಿಧಾನ ಬೇರೆ.

ಹಾಗಾಗಿ ತೂಕವೂ ಮಂತ್ರದಂಡವಲ್ಲ. ಒಬ್ಬ ಗಂಡಸೂ ಸಿಗದಿದ್ದರೆ ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಸಿಕ್ಕವರು ಕಾಯಿಲೆಯಿಂದಲೇ ಮನೆಯಲ್ಲಿ ಉಳಿದವರಾದರೆ ಲೆಕ್ಕ ಇನ್ನೊಂದು ಕಡೆಗೆ ವಾಲುತ್ತದೆ. ಅದಕ್ಕೇ ಒಳ್ಳೆಯ ಸಮೀಕ್ಷಕರು ಬೀಗ ಹಾಕಿದ ಮನೆಗೆ ಸಂಜೆ ಮತ್ತೆ ಬರುತ್ತಾರೆ.

ವಿದ್ಯಾರ್ಥಿಗಳೇ, ಪತ್ರಿಕೆಯಲ್ಲಿ ‘ಶೇಕಡಾ’ ಎಂದು ಕಂಡಾಗ ಯಾರನ್ನು ಕೇಳಿದರು, ಯಾರು ಬಿಟ್ಟುಹೋದರು ಎಂದು ವಿಚಾರಿಸಿ. ಪೋಷಕರೇ, ಸಮೀಕ್ಷೆಯವರು ಸಂಜೆ ಬಾಗಿಲು ತಟ್ಟಿದರೆ ಬೇಸರಪಡದೆ ಉತ್ತರಿಸಿ. ನಿಮ್ಮೊಬ್ಬರ ಮಾತು ಸಿಗದೆ ಹೋದ ಎಷ್ಟೋ ಜನರ ಪರವಾಗಿಯೂ ಎಣಿಕೆಗೆ ಬರುತ್ತದೆ.