ಪಾರೆಯ ಗಿಡವನ್ನು ಪಾರೆಯಲ್ಲೇ ಬಿಡೋಣ

ಊರಿಗೆ ಹೋಗಿ ಬಂದ ಮುಂಬಯಿ ಕನ್ನಡಿಗನ ಚೀಲದಲ್ಲಿ ಏನೇನಿರುತ್ತದೆ ಎಂಬುದನ್ನು ನಾವೆಲ್ಲ ಬಲ್ಲೆವು. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಸಳೆಯ ದಂಟು, ಅಮ್ಮ ಕತ್ತರಿಸಿ ಕೊಟ್ಟ ಮಲ್ಲಿಗೆಯ ಗೆಲ್ಲು. ಇದಕ್ಕೆ ಯಾರ ಆಕ್ಷೇಪವೂ ಇಲ್ಲ. ಬಸಳೆ ಎಲ್ಲಿ ನೆಟ್ಟರೂ ಚಿಗುರುತ್ತದೆ; ನಾಲ್ಕನೇ ಮಾಳಿಗೆಯ ಗ್ರಿಲ್ಲಿಗೂ ಹಬ್ಬಿ ವಾರಕ್ಕೊಂದು ಹುಳಿಗೆ ಸಾಕಾಗುವಷ್ಟು ಎಲೆ ಕೊಡುತ್ತದೆ. ಆದರೆ ಮಳೆಗಾಲದಲ್ಲಿ ಊರಿಗೆ ಹೋಗಿ ಬಂದವರ ಚೀಲದಲ್ಲಿ ಇನ್ನೊಂದು ವಸ್ತುವನ್ನೂ ನಾವು ಕಾಣತೊಡಗಿದ್ದೇವೆ. ಐಸ್‌ಕ್ರೀಮಿನ ಖಾಲಿ ಡಬ್ಬಿ. ಅದರೊಳಗೆ ಒಂದು ಹಿಡಿ ಮಣ್ಣು. ಮಣ್ಣಿನ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ, ನೆಲಕ್ಕೆ ಅಂಟಿಕೊಂಡ ಕೆಂಪು ಗಿಡ. “ಹುಳ ತಿನ್ನುವ ಗಿಡ ಅಂಕಲ್, ಅಜ್ಜನ ಮನೆಯ ಹಿಂದಿನ ಪಾರೆಯಿಂದ ಕಿತ್ತು ತಂದದ್ದು” ಎಂದು ಮಕ್ಕಳು ಹೆಮ್ಮೆಯಿಂದ ತೋರಿಸುತ್ತಾರೆ. ದೊಡ್ಡವರು ಪಕ್ಕದಲ್ಲಿ ನಿಂತು ನಗುತ್ತಾರೆ.

ಈ ನಗುವಿನ ಮೇಲೆ ನಮಗೆ ಜಗಳವಿದೆ.

ಗಿಡದ ಹೆಸರು ಡ್ರೊಸೆರಾ. ಇಂಗ್ಲಿಷರು ಅದನ್ನು ಸನ್‌ಡ್ಯೂ, ಎಂದರೆ ಸೂರ್ಯನ ಇಬ್ಬನಿ ಎಂದು ಕರೆದರು, ಹೆಸರು ಒಪ್ಪುವಂಥದೇ. ಎಲೆಯ ತುಂಬ ನವಿರಾದ ರೋಮಗಳು, ಪ್ರತಿಯೊಂದು ರೋಮದ ತುದಿಯಲ್ಲಿ ಹೊಳೆಯುವ ಅಂಟುಹನಿ. ಬಿಸಿಲಿಗೂ ಆರದ ಈ ಹನಿಯನ್ನು ಕಂಡು ಬಂದು ಕೂತ ನೊರಜು ಅಲ್ಲಿಯೇ ಸಿಕ್ಕಿಬೀಳುತ್ತದೆ. ಅಕ್ಕಪಕ್ಕದ ರೋಮಗಳು ಅದರತ್ತ ಬಾಗುತ್ತವೆ. ಗಿಡವು ಜೀರ್ಣರಸವನ್ನು ಸುರಿಸಿ ಅದರ ಸಾರವನ್ನು ಹೀರಿಕೊಳ್ಳುತ್ತದೆ. ಇದು ಕ್ರೌರ್ಯವಲ್ಲ, ಬಡತನ. ಮುರಕಲ್ಲಿನ ಪಾರೆಯ ಮೇಲೆ ಬೆರಳಷ್ಟು ದಪ್ಪದ ಮಣ್ಣು, ಅದರಲ್ಲಿ ಸಾರಜನಕವೂ ಇಲ್ಲ, ರಂಜಕವೂ ಇಲ್ಲ. ಮಳೆಯ ನೀರು ಹಗಲೂ ರಾತ್ರಿ ಅದನ್ನು ತೊಳೆದುಕೊಂಡು ಹೋಗುತ್ತಿರುತ್ತದೆ. ಬೇರೆ ಗಿಡ ಬದುಕಲಾರದ ಆ ನೆಲದಲ್ಲಿ ಬದುಕುವುದಕ್ಕೆ ಈ ಗಿಡ ಕಂಡುಕೊಂಡ ದಾರಿ ಇದು.

ನಮ್ಮ ದೇಶದಲ್ಲಿ ಮುಖ್ಯವಾಗಿ ಮೂರು ಜಾತಿಯ ಡ್ರೊಸೆರಾಗಳಿವೆ. ನಮ್ಮವರು ಊರಿನ ಪಾರೆಗಳಲ್ಲಿ ಕಾಣುವುದು ಹೆಚ್ಚಾಗಿ ಎರಡನ್ನು. ನೆಲಕ್ಕೆ ಚಪ್ಪಟೆಯಾಗಿ ಅಂಟಿಕೊಂಡು ಬಿಳಿಯ ಹೂ ಬಿಡುವುದು ಡ್ರೊಸೆರಾ ಬರ್ಮಾನಿ. ನೆಟ್ಟಗೆ ನಿಂತು, ದಾರದಂಥ ಎಲೆಗಳನ್ನು ಚಾಚಿ, ನಸುಗೆಂಪು ಹೂ ಬಿಡುವುದು ಡ್ರೊಸೆರಾ ಇಂಡಿಕಾ. ಮುಂಬಯಿ ಪುಣೆಯವರು ಇವೆರಡನ್ನೂ ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಯಲ್ಲಿ ನೋಡಿರಬಹುದು. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕಾಸ್ ಕೂಡ ಅದರಲ್ಲಿ ಸೇರಿತು. ಸೆಪ್ಟೆಂಬರಿನಲ್ಲಿ ಹೂ ನೋಡಲೆಂದು ಬಸ್ಸು ಮಾಡಿಕೊಂಡು ಹೋಗುವ ನಮ್ಮವರಲ್ಲಿ ಕೆಲವರ ಕೈ ಅಲ್ಲಿಯೂ ಸುಮ್ಮನಿರುವುದಿಲ್ಲ. ಅದು ಅರಣ್ಯ ಇಲಾಖೆಯ ನೆಲ ಎಂಬ ಅರಿವಾದರೂ ಬೇಡವೇ?

ಈಗ ಮುಖ್ಯ ಮಾತಿಗೆ ಬರೋಣ. ಈ ಎರಡೂ ಒಂದೇ ಮಳೆಗಾಲದ ಗಿಡಗಳು. ಜೂನಿನ ಮಳೆಗೆ ಬೀಜ ಮೊಳೆಯುತ್ತದೆ, ಮಳೆ ಕಡಿಮೆಯಾಗುವ ಹೊತ್ತಿಗೆ ಹೂ, ಆಮೇಲೆ ಬೀಜ. ಪಾರೆ ಒಣಗಿದಾಗ ಗಿಡದ ಕತೆ ಮುಗಿಯಿತು. ಅಂದರೆ ನಾವು ಆಗಸ್ಟಿನಲ್ಲಿ ಚಮಚೆಯಿಂದ ಎಬ್ಬಿಸಿ ತಂದ ಗಿಡ, ನಾವು ಎಷ್ಟೇ ಚೆನ್ನಾಗಿ ನೋಡಿಕೊಂಡರೂ, ಕೆಲವು ತಿಂಗಳುಗಳಲ್ಲಿ ಸಾಯುವಂಥದೇ. ಪಾರೆಯಲ್ಲಿಯೇ ಸತ್ತಿದ್ದರೆ ಬೀಜ ಉದುರಿಸಿ ಸಾಯುತ್ತಿತ್ತು. ನಮ್ಮ ಡಬ್ಬಿಯಲ್ಲಿ ಸಾಯುವುದು ಬಂಜೆಯಾಗಿ. ಕಿತ್ತದ್ದು ಒಂದು ಗಿಡವಲ್ಲ, ಬರುವ ವರ್ಷದ ಮೊಳಕೆಗಳು.

ಇದನ್ನು ನಾವು ಎತ್ತರದ ಪೀಠದಲ್ಲಿ ಕೂತು ಹೇಳುತ್ತಿಲ್ಲ. ಈ ತಪ್ಪನ್ನು ಮಾಡಿಯೇ ಕಲಿತವರು ನಾವು. ಕೆಲವು ವರ್ಷಗಳ ಹಿಂದೆ ಊರಿನ ಪಾರೆಯಿಂದ ನಾಲ್ಕು ಗಿಡಗಳನ್ನು ತಂದೆವು. ತಂದವರು ಸುಮ್ಮನಿರಲಿಲ್ಲ. ಗುಲಾಬಿಗೆ ಹಾಕುವ ಗೊಬ್ಬರದ ಮಣ್ಣನ್ನೇ ಹಾಕಿದೆವು, ಏಕೆಂದರೆ ಪಾಪ, ಊರಿನಲ್ಲಿ ಅದಕ್ಕೆ ಒಳ್ಳೆಯ ಮಣ್ಣೇ ಸಿಕ್ಕಿರಲಿಲ್ಲವಲ್ಲ! ಕಟ್ಟಡದ ಬೋರ್‌ವೆಲ್ ನೀರನ್ನು ದಿನವೂ ಹೊಯ್ದೆವು. ಹಸಿವಾಗಿರಬಹುದೆಂದು ಬೇಯಿಸಿದ ಮೊಟ್ಟೆಯ ಚೂರನ್ನು ಎಲೆಯ ಮೇಲಿಟ್ಟೆವು. ವಾರ ಕಳೆಯುವುದರೊಳಗೆ ಹನಿಗಳು ಆರಿದವು. ಮೊಟ್ಟೆಯಿಟ್ಟ ಎಲೆಗೆ ಬೂಷ್ಟು ಬಂತು. ತಿಂಗಳಾಗುವ ಮೊದಲೇ ನಾಲ್ಕೂ ಕರಿ ಚುಕ್ಕೆಗಳಾದವು. ಅವನ್ನು ನಾವು ಅಲಕ್ಷ್ಯದಿಂದ ಕೊಲ್ಲಲಿಲ್ಲ. ಉಪಚಾರ ಮಾಡಿ ಕೊಂದೆವು. ಅತಿಥಿಗೆ ಏನು ಬೇಕೆಂದು ಕೇಳದೆ ನಮಗಿಷ್ಟವಾದುದನ್ನೇ ಬಡಿಸುವ ಹಟ ನಮ್ಮಲ್ಲಿ ಇದೆಯಲ್ಲ, ಅದೇ ಇದು.

ನಮ್ಮ ಮಾತಿಗೆ ಬರುವ ಉತ್ತರಗಳು ನಮಗೆ ಗೊತ್ತು. ಒಂದೊಂದಾಗಿ ನೋಡೋಣ.

“ಪಾರೆಯಲ್ಲಿ ಸಾವಿರಾರು ಇವೆ, ನಾಲ್ಕು ಕಿತ್ತರೆ ಏನಾಯಿತು?” ಎನ್ನುತ್ತಾರೆ. “ಅಲ್ಲಿ ಮುರಕಲ್ಲಿನ ಕೋರೆಯವರು ಪಾರೆಯನ್ನೇ ಕತ್ತರಿಸಿ ಲಾರಿಗೆ ತುಂಬುತ್ತಿದ್ದಾರೆ, ಅವರನ್ನು ಬಿಟ್ಟು ನಮ್ಮ ಚಮಚೆಯ ಮೇಲೆ ಏಕೆ ಕಣ್ಣು?” ಎಂದೂ ಕೇಳುತ್ತಾರೆ. ಕೋರೆಯ ಹಾನಿ ನಮ್ಮ ಚಮಚೆಯ ಹಾನಿಗಿಂತ ಎಷ್ಟೋ ಪಾಲು ದೊಡ್ಡದು, ಒಪ್ಪಿದೆವು. ಆದರೆ ಕೈಯಲ್ಲಿ ಚಮಚೆ ಹಿಡಿದುಕೊಂಡು ಕೋರೆಯವನನ್ನು ಪ್ರಶ್ನಿಸುವುದು ಹೇಗೆ? ಊರಿನ ಪಾರೆ ಬರಡು ನೆಲ, ಅದರಿಂದ ಯಾರು ಏನು ತೆಗೆದರೂ ನಷ್ಟವಿಲ್ಲ ಎಂಬ ಭಾವನೆಯೇ ಇಬ್ಬರದೂ. ಹೊರನಾಡಿನಲ್ಲಿರುವ ನಾವು ಊರಿನ ಜಾಗವನ್ನು ಮಾರುವಾಗಲೂ ಇದೇ ಮಾತು ಹೇಳುತ್ತೇವೆ: “ಗದ್ದೆ ಇರಲಿ, ಆ ಪಾರೆ ಯಾವ ಪ್ರಯೋಜನಕ್ಕೆ?” ಆ ಪಾರೆಯ ಮೇಲೆ ಏನು ಬೆಳೆಯುತ್ತದೆಂದು ನಮ್ಮ ಮಕ್ಕಳಿಗೆ ಗೊತ್ತಿದ್ದರೆ ನಾಳೆ ಆ ಕಾಗದಕ್ಕೆ ಸಹಿ ಹಾಕುವ ಮುನ್ನ ಒಂದು ಗಳಿಗೆ ಯೋಚಿಸಿಯಾರು.

“ಮಕ್ಕಳಿಗೆ ವಿಜ್ಞಾನ ತಿಳಿಯಲೆಂದು ತಂದೆವು” ಎಂಬುದು ಎರಡನೆಯ ಉತ್ತರ. ಆಗಲಿ, ಆದರೆ ಡಬ್ಬಿಯಲ್ಲಿ ಸಾಯುತ್ತಿರುವ ಗಿಡ ಯಾವ ವಿಜ್ಞಾನವನ್ನು ಕಲಿಸುತ್ತದೆ? ಮಕ್ಕಳನ್ನು ಪಾರೆಯ ಮೇಲೆಯೇ ಕೂರಿಸಿ, ಕೈಗೊಂದು ಭೂತಗನ್ನಡಿ ಕೊಡಿ. ಬರ್ಮಾನಿಯ ಎಲೆಯಂಚಿನ ಉದ್ದ ರೋಮಗಳು ಕೆಲವೇ ಸೆಕೆಂಡುಗಳಲ್ಲಿ ಮಡಚಿಕೊಳ್ಳುವುದನ್ನು ಅವರು ಕಣ್ಣಾರೆ ನೋಡಲಿ. ಚಾರ್ಲ್ಸ್ ಡಾರ್ವಿನ್ 1860ರ ಬೇಸಗೆಯಲ್ಲಿ ಇಂಗ್ಲೆಂಡಿನ ಬಯಲಿನಲ್ಲಿ ಡ್ರೊಸೆರಾದ ಎಲೆಗಳಿಗೆ ಅಂಟಿದ ಕೀಟಗಳ ಸಂಖ್ಯೆಯನ್ನು ಕಂಡು ಬೆರಗಾದ. ಮಾಂಸ, ಮೊಟ್ಟೆಯ ಬಿಳಿ, ಹಾಲು, ಗಾಜಿನ ಚೂರು ಒಂದೊಂದನ್ನೂ ಎಲೆಯ ಮೇಲಿಟ್ಟು ನೋಡಿದ. ಕೀಟಾಹಾರಿ ಸಸ್ಯಗಳ ಬಗೆಗಿನ ಅವನ ಪುಸ್ತಕ ಹೊರಬಂದದ್ದು 1875ರಲ್ಲಿ. ನಡುವೆ ಕಳೆದದ್ದು ಹದಿನೈದು ವರ್ಷ. ನಮ್ಮದು ಮೊಟ್ಟೆಯ ಚೂರಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆಯುವ ಹದಿನೈದು ನಿಮಿಷದ ವಿಜ್ಞಾನ.

ಮೂರನೆಯದು ಸೊಳ್ಳೆಯ ಮಾತು. ಮೊದಲ ನಾಲ್ಕು ಗಿಡ ಸತ್ತ ಮೇಲೆ ನಾವೂ ಒಂದು ಅಂಗಡಿಗೆ ಹೋದವರೇ. ಹೆಸರು ಬೇಡ, “ಒಂದು ಕುಂಡ ಇಟ್ಟರೆ ಸಾಕು, ಮನೆಯ ಸೊಳ್ಳೆಯೆಲ್ಲ ಖಾಲಿ” ಎಂದು ಆ ಅಂಗಡಿಯಾತ ಪ್ರಮಾಣ ಮಾಡಿ ಹೇಳಿದ. ನಂಬಿ ತಂದೆವು. ಗಿಡ ಹಿಡಿದದ್ದು ಬಾಳೆಹಣ್ಣಿನ ಮೇಲೆ ಹಾರುವ ನೊರಜು, ಕುಂಡದ ಮಣ್ಣಿನಲ್ಲಿ ಹುಟ್ಟುವ ಸಣ್ಣ ನೊಣ, ಅಪರೂಪಕ್ಕೆ ದಾರಿ ತಪ್ಪಿದ ಒಂದು ಸೊಳ್ಳೆ. ಸೊಳ್ಳೆ ಮನುಷ್ಯನನ್ನು ಹುಡುಕಿಕೊಂಡು ಬರುತ್ತದೆಯೇ ಹೊರತು ಗಿಡವನ್ನಲ್ಲ. ಅಷ್ಟೇ ಆಗಿದ್ದರೆ ನಷ್ಟವಿರಲಿಲ್ಲ. ಈ ಗಿಡದ ಕುಂಡವನ್ನು ನೀರಿನ ತಟ್ಟೆಯಲ್ಲಿಡಬೇಕು. ಒಂದು ದಿನ ಆ ತಟ್ಟೆಯನ್ನು ಬಗ್ಗಿ ನೋಡಿದರೆ ಸೊಳ್ಳೆಯ ಮರಿಗಳು ಕುಣಿಯುತ್ತಿದ್ದವು! ಸೊಳ್ಳೆ ಹಿಡಿಯಲೆಂದು ತಂದ ಗಿಡದ ಬುಡದಲ್ಲಿಯೇ ಡೆಂಗಿಯ ಸೊಳ್ಳೆಗೆ ತೊಟ್ಟಿಲು ಕಟ್ಟಿದ್ದೆವು. ಆದ್ದರಿಂದ ಹೇಳುತ್ತೇವೆ, ಸೊಳ್ಳೆಗೆ ಪರದೆ ಕಟ್ಟಿ. ಗಿಡ ಇಟ್ಟರೆ ತಟ್ಟೆಯ ನೀರನ್ನು ಮೂರು ನಾಲ್ಕು ದಿನಕ್ಕೊಮ್ಮೆ ಚೆಲ್ಲಿ, ತಟ್ಟೆಯನ್ನು ಉಜ್ಜಿ, ಹೊಸ ನೀರು ಹಾಕಿ. ಇದಕ್ಕೆ ಪುರುಸೊತ್ತಿಲ್ಲದವರು ಈ ಗಿಡದ ಆಸೆಯನ್ನೇ ಬಿಡುವುದು ಒಳ್ಳೆಯದು.

ನಾಲ್ಕನೆಯ ಆಕ್ಷೇಪ ಅಡುಗೆಮನೆಯಿಂದ ಬರುತ್ತದೆ: “ಸಸ್ಯಾಹಾರಿಗಳ ಮನೆಯಲ್ಲಿ ಮಾಂಸಾಹಾರಿ ಗಿಡವೇ?” ನಮ್ಮ ಮನೆಯ ಹಿರಿಯರು ಇದನ್ನು ನಿಜವಾಗಿ ಕೇಳಿದರು, ತುಳಸಿಯ ಹತ್ತಿರ ಇಡಕೂಡದೆಂದು ಅಪ್ಪಣೆ ಕೊಟ್ಟರು. ಗೌರವದಿಂದಲೇ ಉತ್ತರಿಸುತ್ತೇವೆ. ಈ ಗಿಡಕ್ಕಾಗಿ ನಾವು ಏನನ್ನೂ ಕೊಲ್ಲಬೇಕಾಗಿಲ್ಲ. ತನಗೆ ಬೇಕಾದದ್ದನ್ನು ಅದೇ ಹಿಡಿದುಕೊಳ್ಳುತ್ತದೆ. ಹುಳ ಸಿಕ್ಕದಿದ್ದರೆ ಬಹುಕಾಲ ನಿಧಾನವಾಗಿ ಬೆಳೆಯುತ್ತ ಇರುತ್ತದೆ, ಅಷ್ಟೇ. ಮೂಲೆಯ ಹಲ್ಲಿಗೆ ಸಲ್ಲುವ ನ್ಯಾಯ ಗಿಡಕ್ಕೂ ಸಲ್ಲಲಿ.

ಹಾಗಾದರೆ ಮನೆಯಲ್ಲಿ ಡ್ರೊಸೆರಾ ಬೆಳೆಸಲೇಬಾರದೇ? ನಾವು ಹಾಗೆ ಹೇಳುವವರಲ್ಲ. ಬೆಳೆಸಿರಿ, ಆದರೆ ಮನೆಯಲ್ಲಿ ಬದುಕುವಂಥದನ್ನು ಬೆಳೆಸಿರಿ. ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ಡ್ರೊಸೆರಾ ಕೇಪೆನ್ಸಿಸ್ ಎಂಬ ಜಾತಿಯನ್ನು ಜಗತ್ತಿನಾದ್ಯಂತ ಕಿಟಕಿಗಳಲ್ಲಿ ಬೀಜದಿಂದಲೇ ಬೆಳೆಸುತ್ತಾರೆ. ಅದು ಹಲವು ವರ್ಷ ಬದುಕುತ್ತದೆ. ತನ್ನ ಹೂವಿಗೆ ತಾನೇ ಪರಾಗ ಕೊಟ್ಟುಕೊಂಡು ಧೂಳಿನಂಥ ಬೀಜವನ್ನು ನೂರಾರು ಸಂಖ್ಯೆಯಲ್ಲಿ ಕೊಡುತ್ತದೆ. ಮೇಲಿನ ಎಲೆಗಳೆಲ್ಲ ಹೋದರೂ ಎಷ್ಟೋ ಸಲ ಬೇರಿನಿಂದ ಮತ್ತೆ ಚಿಗುರುತ್ತದೆ. ಅಂಗಡಿಯಲ್ಲಿ ಕೊಳ್ಳುವವರು ಒಂದೇ ಪ್ರಶ್ನೆ ಕೇಳಿ: “ಇದು ಬೀಜದಿಂದ ಬೆಳೆದದ್ದೋ, ಕಾಡಿನಿಂದ ಕಿತ್ತದ್ದೋ?” ನೇರ ಉತ್ತರ ಬಾರದಿದ್ದರೆ ಹಣವನ್ನು ಜೇಬಿಗೆ ಹಾಕಿಕೊಂಡು ಹೊರಟುಬನ್ನಿ.

ತಂದ ಮೇಲೆ ಮಾಡಬೇಕಾದದ್ದು ಹೆಚ್ಚಿಲ್ಲ, ಮಾಡಬಾರದ್ದೇ ಹೆಚ್ಚು. ಗೊಬ್ಬರ ಬೇಡ, ಸಗಣಿ ಬೇಡ, ಕೆಂಪು ಮಣ್ಣು ಬೇಡ. ಪೀಟ್ ಮತ್ತು ತೊಳೆದ ಒರಟು ಮರಳು ಸಮಪಾಲು ಸಾಕು. ತೆಂಗಿನ ನಾರಿನ ಪುಡಿಯಲ್ಲಿ ಉಪ್ಪಿರುವುದುಂಟು. ಅದನ್ನೇ ಬಳಸುವವರು ಹಲವು ನೀರಿನಲ್ಲಿ ನೆನೆಸಿ ಹಿಂಡಿ ತೊಳೆಯಬೇಕು. ನೀರಿನ ವಿಷಯದಲ್ಲಿ ರಾಜಿಯಿಲ್ಲ: ಲೀಟರಿಗೆ 50 ಮಿಲಿಗ್ರಾಮಿಗಿಂತ ಕಡಿಮೆ ಲವಣವಿರುವ ನೀರೇ ಬೇಕು. ಅಳೆಯುವ ಪೆನ್ನಿನಂಥ ಟಿ.ಡಿ.ಎಸ್. ಮೀಟರು ಅಗ್ಗಕ್ಕೆ ಸಿಗುತ್ತದೆ. ಮುಂಬಯಿಯ ಸರೋವರಗಳಿಂದ ಬರುವ ನಳದ ನೀರು ಮೃದು. ಆದರೂ ಅಳೆದು ನೋಡಿ. ಚೆನ್ನೈ, ಹೈದರಾಬಾದುಗಳ ಬೋರ್‌ವೆಲ್ ನೀರು ಈ ಗಿಡಕ್ಕೆ ವಿಷ. ಆರ್.ಓ. ನೀರೆಂದು ಕಣ್ಣು ಮುಚ್ಚಿ ನಂಬಬೇಡಿ; ಎಷ್ಟೋ ಯಂತ್ರಗಳು ರುಚಿಗೆಂದು ಲವಣವನ್ನು ಮತ್ತೆ ಬೆರೆಸುತ್ತವೆ. ಎಲ್ಲಕ್ಕಿಂತ ಒಳ್ಳೆಯದು ಮಳೆಯ ನೀರು. ಬಾಲ್ಕನಿಯಲ್ಲಿ ಒಂದು ಬಕೆಟ್ ಇಟ್ಟು ಹಿಡಿದು, ಮುಚ್ಚಳವಿರುವ ಕ್ಯಾನುಗಳಲ್ಲಿ ತುಂಬಿಸಿಟ್ಟರೆ ಬೇಸಗೆಯವರೆಗೂ ಬರುತ್ತದೆ.

ತಟ್ಟೆಯಲ್ಲಿ ಒಂದೆರಡು ಸೆಂಟಿಮೀಟರ್ ನೀರು ಸದಾ ಇರಲಿ. ಪೂರ್ವದ ಕಿಟಕಿಯ ಬೆಳಗಿನ ಬಿಸಿಲು ನಾಲ್ಕು ಗಂಟೆಯಾದರೂ ಬೀಳಲಿ. ಅಂಥ ಕಿಟಕಿಯಿಲ್ಲದ ಮನೆಯಲ್ಲಿ ಬಿಳಿಯ ಎಲ್‌ಇಡಿ ದೀಪವನ್ನು ಹತ್ತಿರದಲ್ಲಿ ದಿನಕ್ಕೆ ಹನ್ನೆರಡು ಗಂಟೆಗೆ ಮೇಲ್ಪಟ್ಟು ಉರಿಸಿದರೆ ಸಾಕಾಗುತ್ತದೆ. ಬೆಳಕು ಕಡಿಮೆಯಾದರೆ ಎಲೆ ಹಸಿರಾಗಿ ಜೋಲುತ್ತದೆ, ಹನಿ ಮೂಡುವುದಿಲ್ಲ. ಚಂದಕ್ಕೆಂದು ಗಾಜಿನ ಮುಚ್ಚಿದ ಜಾಡಿಯಲ್ಲಿಟ್ಟು ಬಿಸಿಲಿಗೆ ಇಟ್ಟರೆ ಗಿಡ ಬೆಂದುಹೋಗುತ್ತದೆ. ದೆಹಲಿ, ಹೈದರಾಬಾದಿನವರು 40 ಡಿಗ್ರಿಯ ದಿನಗಳಲ್ಲಿ ಅದನ್ನು ಒಳಗಿನ ತಂಪಿಗೆ ತರಬೇಕು. ಹೊಸದಾಗಿ ಮನೆಗೆ ಬಂದ ಗಿಡದ ಹನಿ ಆರಿದರೆ ಗಾಬರಿ ಬೇಡ. ಪ್ರಯಾಣದ ಆಯಾಸ ಅದಕ್ಕೂ ಇದೆ. ಕೆಲವು ವಾರಗಳಲ್ಲಿ ಬರುವ ಹೊಸ ಎಲೆಗಳಲ್ಲಿ ಹನಿ ಮೂಡುತ್ತದೆ. ಅಲ್ಲಿಯವರೆಗೆ ಕೈಕಟ್ಟಿ ಕೂರುವುದೇ ಉಪಚಾರ.

ಇನ್ನೊಂದು ಎಚ್ಚರಿಕೆ. ಕೇಪಿನ ಗಿಡ ಮನೆಯಲ್ಲಿ ಹುಲುಸಾಯಿತೆಂದು ಅದರ ಬೀಜವನ್ನು ಊರಿನ ಪಾರೆಯ ಮೇಲೆ ಎರಚಿ ಬರುವ ಔದಾರ್ಯ ಯಾರಿಗೂ ಬೇಡ. ನ್ಯೂಜಿಲೆಂಡಿನಲ್ಲಿ ಇದೇ ಗಿಡ ಕಳೆಯ ಪಟ್ಟಿಗೆ ಸೇರಿದೆ. ಅಲ್ಲಿಯದನ್ನು ಇಲ್ಲಿಗೆ ತರುವುದು ಹೇಗೆ ತಪ್ಪೋ, ಇಲ್ಲಿಯದನ್ನು ಅಲ್ಲಿಗೆ ಒಯ್ಯುವುದೂ ಹಾಗೆಯೇ ತಪ್ಪು.

ಬರಿಯ ಉಪದೇಶ ಮಾಡಿ ಎದ್ದುಹೋಗುವುದು ನಮಗೂ ಹಿಡಿಸದು. ನಮ್ಮ ಕಿಟಕಿಯಲ್ಲಿ ಈಗ ಕೇಪಿನ ಆರು ಕುಂಡಗಳಿವೆ. ಈ ವರ್ಷದ ಬೀಜವನ್ನು ಕಾಗದದ ಪೊಟ್ಟಣಗಳಲ್ಲಿ ಕಟ್ಟಿಟ್ಟಿದ್ದೇವೆ. ಸಂಘದ ರಾಜ್ಯೋತ್ಸವದ ದಿನ, ಕೇಳಿದ ಮನೆಗೆ ಒಂದೊಂದು ಪೊಟ್ಟಣ ಕೊಡುತ್ತೇವೆ. ಬೀಜವನ್ನು ಒದ್ದೆ ಪೀಟಿನ ಮೇಲೆ ಉದುರಿಸಬೇಕು, ಮಣ್ಣು ಮುಚ್ಚಬಾರದು, ಎರಡರಿಂದ ನಾಲ್ಕು ವಾರ ತಾಳ್ಮೆಯಿಂದ ಕಾಯಬೇಕು. ಬೆಲೆಯೇನೂ ಇಲ್ಲ, ಎರಡು ಕರಾರುಗಳಿವೆ. ನಿಮ್ಮ ಗಿಡ ಬೀಜ ಕೊಟ್ಟಾಗ ಇನ್ನೊಂದು ಮನೆಗೆ ಒಂದು ಪೊಟ್ಟಣ ಕೊಡಬೇಕು. ಬರುವ ಮಳೆಗಾಲದಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಪಾರೆಗೆ ಕರೆದೊಯ್ದು ಅಲ್ಲಿಯ ಗಿಡವನ್ನು ತೋರಿಸಬೇಕು. ಬರುವಾಗ ಡಬ್ಬಿ ಖಾಲಿ ಇರಬೇಕು.

ಚೀಲದಲ್ಲಿ ಜಾಗ ಉಳಿದರೆ ಇನ್ನೊಂದು ಕಟ್ಟು ಬಸಳೆ ತನ್ನಿ. ಅದಕ್ಕೆ ನಮ್ಮ ಪೂರ್ಣ ಒಪ್ಪಿಗೆಯಿದೆ.